‘ಆಯ್ತು ಡಾಕ್ಟ್ರೇ’ ಅಂದರೆ ಅರ್ಥವಾಯಿತು ಅಂತಲ್ಲ

ಮಡಿಕೇರಿಯೋ ವಿರಾಜಪೇಟೆಯೋ ಸೋಮವಾರಪೇಟೆಯೋ, ಯಾವ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅರ್ಧ ಗಂಟೆ ಕುಳಿತರೂ ಹೆಚ್ಚು ಸಲ ಕಿವಿಗೆ ಬೀಳುವ ಮಾತು ‘ಆಯ್ತು ಡಾಕ್ಟ್ರೇ’. ಡಾಕ್ಟರು ‘ಗೊತ್ತಾಯ್ತಾ?’ ಅನ್ನುತ್ತಾರೆ, ಎದುರಿಗಿದ್ದವರು ‘ಆಯ್ತು’ ಅನ್ನುತ್ತಾರೆ, ಚೀಟಿ ಕೈಗೆ ಬರುತ್ತದೆ, ಮುಂದಿನವರನ್ನು ಕರೆಯುತ್ತಾರೆ.

ಈ ‘ಆಯ್ತು’ ತುಂಬ ಅಪಾಯದ ಪದ. ಕೇಳಿಸಿತು ಅನ್ನುವುದಕ್ಕೂ ಆಯ್ತು, ನಿಮ್ಮ ಸಮಯ ಹಾಳು ಮಾಡುವುದಿಲ್ಲ ಅನ್ನುವುದಕ್ಕೂ ಆಯ್ತು, ಅರ್ಥವಾಗಲಿಲ್ಲ, ಹೊರಗೆ ಸಿಸ್ಟರನ್ನು ಕೇಳಿಕೊಳ್ಳುತ್ತೇನೆ ಅನ್ನುವುದಕ್ಕೂ ಆಯ್ತು. ದೊಡ್ಡವರ ಎದುರು ಮರುಪ್ರಶ್ನೆ ಹಾಕಬಾರದು ಅಂತ ಬೆಳೆದವರ ಬಾಯಲ್ಲಿ ಅದು ಬರೀ ಮರ್ಯಾದೆಯ ಮಾತು. ಡಾಕ್ಟರು ಮಾತ್ರ ಅದನ್ನು ‘ಅರ್ಥವಾಯಿತು’ ಅಂತ ಲೆಕ್ಕ ಹಿಡಿಯುತ್ತಾರೆ. ಹದಿನೈದು ದಿನ ಬಿಟ್ಟು ಸಕ್ಕರೆ ಇಳಿದಿಲ್ಲ, ಬಿಪಿ ಇಳಿದಿಲ್ಲ ಅಂತಾದಾಗ ‘ಇವರು ಹೇಳಿದ್ದು ಕೇಳುವುದಿಲ್ಲ’ ಅಂತ ಒಬ್ಬರು, ‘ಈ ಡಾಕ್ಟರ ಮದ್ದು ಹಿಡಿಯುವುದಿಲ್ಲ’ ಅಂತ ಇನ್ನೊಬ್ಬರು. ಎಡವಿದ್ದು ಎಲ್ಲಿ ಅಂತ ಹುಡುಕಿದರೆ ಎಷ್ಟೋ ಸಲ ಸಿಗುವುದು ಒಂದೇ ಪದ, ಎರಡು ಅರ್ಥ.

ಮೊದಲ ತಪಾಸಣೆ ಮಾತೇ

ರೋಗ ಪತ್ತೆಯಾಗುವುದು ಸ್ಕ್ಯಾನಿನಲ್ಲಿ, ರಕ್ತಪರೀಕ್ಷೆಯಲ್ಲಿ ಅನ್ನುವ ನಂಬಿಕೆ ಗಟ್ಟಿಯಾಗಿದೆ. 1975ರಲ್ಲಿ ಬ್ರಿಟನ್ನಿನ ವೈದ್ಯರು ಹೊಸದಾಗಿ ಬಂದ 80 ರೋಗಿಗಳ ಮೇಲೆ ಇದನ್ನು ನೋಡಿದರು. ಕಳಿಸಿಕೊಟ್ಟ ಡಾಕ್ಟರ ಪತ್ರ ಓದಿ, ರೋಗಿಯ ಮಾತು ಕೇಳಿದ ಹಂತದಲ್ಲೇ 66 ಮಂದಿಯ ರೋಗವನ್ನು ಸರಿಯಾಗಿ ಗುರುತಿಸಿದ್ದರು. ಮೈ ಮುಟ್ಟಿ ನೋಡಿದ್ದರಿಂದ ತೀರ್ಮಾನ ಬದಲಾದದ್ದು 7 ಮಂದಿಯಲ್ಲಿ, ಲ್ಯಾಬ್ ಪರೀಕ್ಷೆಯಿಂದ ಇನ್ನು 7 ಮಂದಿಯಲ್ಲಿ. ಯಂತ್ರಗಳು ಈಗ ಎಷ್ಟೋ ಮುಂದೆ ಹೋಗಿವೆ, ನಿಜ. ಆದರೆ ಯಾವ ಪರೀಕ್ಷೆ ಬರೆಯಬೇಕು ಅನ್ನುವುದನ್ನು ಇವತ್ತಿಗೂ ಹೇಳಿಕೊಡುವುದು ಆ ಮೊದಲ ಮಾತುಕತೆ.

ಆ ಮಾತು ಪೂರ್ತಿಯಾಗುವುದೇ ಅಪರೂಪ. 1984ರ ಅಮೆರಿಕದ ಒಂದು ಅಧ್ಯಯನದಲ್ಲಿ ರೋಗಿ ಬಾಯಿ ತೆರೆದು ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕಿದ್ದರು. ತಡೆಯದೆ ಬಿಟ್ಟರೆ ಜನ ಗಂಟೆಗಟ್ಟಲೆ ಮಾತಾಡುತ್ತಾರೆ ಎಂಬ ಭಯವೂ ಸುಳ್ಳು. 2002ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ 335 ರೋಗಿಗಳನ್ನು ಅವರಷ್ಟಕ್ಕೆ ಮಾತಾಡಲು ಬಿಟ್ಟು ಗಡಿಯಾರ ಹಿಡಿದಾಗ ಸರಾಸರಿ ಬಂದದ್ದು 92 ಸೆಕೆಂಡು. ನೂರಕ್ಕೆ 78 ಜನ ಎರಡು ನಿಮಿಷದೊಳಗೆ ಹೇಳಿ ಮುಗಿಸಿದ್ದರು. ಸಂತೆ ದಿನ ಎಂಬತ್ತು ಟೋಕನ್ ಇಟ್ಟುಕೊಂಡು ಕೂತ ಡಾಕ್ಟರಿಗೆ ಒಂದೂವರೆ ನಿಮಿಷವೂ ದುಬಾರಿಯೇ. ಹಾಗಿದ್ದರೂ ಮೊದಲಿಗೇ ತಡೆದರೆ ಏನಾಗುತ್ತದೆ? ರೋಗಿ ಮೊದಲು ಹೇಳುವುದು ಸಾಮಾನ್ಯವಾಗಿ ಹೇಳಲು ಸುಲಭವಾದ ಸಂಗತಿ: ಮಂಡಿ ನೋವು, ನೆಗಡಿ, ನಿದ್ದೆ ಇಲ್ಲ. ಹೇಳಬೇಕಾದ್ದು ಕೊನೆಗೆ, ಎದ್ದು ಬಾಗಿಲ ಹತ್ತಿರ ಹೋದ ಮೇಲೆ ಬರುತ್ತದೆ: ‘ಅಂದ ಹಾಗೆ ಡಾಕ್ಟ್ರೇ, ಮೂರು ದಿನದಿಂದ ಮಲದಲ್ಲಿ ರಕ್ತ ಹೋಗ್ತಿದೆ.’ ಅಷ್ಟರಲ್ಲಿ ಮುಂದಿನವರು ಕುರ್ಚಿಯಲ್ಲಿ ಕೂತಾಗಿರುತ್ತದೆ. ಆರಂಭದಲ್ಲೇ ‘ಇವತ್ತು ಏನೇನು ಹೇಳಬೇಕು ಅಂತ ಬಂದಿದ್ದೀರಿ, ಎಲ್ಲ ಒಂದು ಸಲ ಹೇಳಿಬಿಡಿ’ ಅಂದುಬಿಟ್ಟರೆ ಈ ಬಾಗಿಲ ಮಾತು ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಪದಗಳ ಗುಂಡಿಗಳು

‘ಗ್ಯಾಸ್ಟ್ರಿಕ್’ನಿಂದ ಶುರುಮಾಡೋಣ. ನಮ್ಮಲ್ಲಿ ಹೊಟ್ಟೆ ಉಬ್ಬರ, ಹುಳಿತೇಗು, ಎದೆ ಉರಿ, ಬೆನ್ನು ಹಿಡಿತ ಎಲ್ಲಕ್ಕೂ ಅದೇ ಹೆಸರು. ಹೃದಯಾಘಾತವೂ ಎದೆಯ ನಡುವೆ ಭಾರ, ಉರಿ, ವಾಕರಿಕೆ, ಬೆವರು ಅಂತ ಬರಬಹುದು. ಸಕ್ಕರೆ ಕಾಯಿಲೆ ಇದ್ದವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು ಆಗಿ ಬರುವುದೂ ಉಂಟು. ಬಂದವರು ‘ಗ್ಯಾಸ್ಟ್ರಿಕ್ ಡಾಕ್ಟ್ರೇ’ ಅಂದುಬಿಟ್ಟರೆ ರೋಗದ ಹೆಸರನ್ನು ರೋಗಿಯೇ ಬರೆದುಕೊಟ್ಟ ಹಾಗೆ. ಅದು ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ನೋವು ಶುರುವಾದ 12 ಗಂಟೆಯೊಳಗೆ ಕೊಡಬೇಕು, ಮೊದಲ ಒಂದೆರಡು ಗಂಟೆಯಲ್ಲಿ ಕೊಟ್ಟರೆ ಹೃದಯದ ಸ್ನಾಯು ಹೆಚ್ಚು ಉಳಿಯುತ್ತದೆ. ಮೈಸೂರು ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಜೀರಿಗೆ ಕಷಾಯ ಕುಡಿದು ರಾತ್ರಿ ಕಳೆಯುವಷ್ಟು ಸಮಯ ಕೊಡಗಿನವರಿಗೆ ಇಲ್ಲ. ಹಾಗಾಗಿ ರೋಗದ ಹೆಸರು ಹೇಳಬೇಡಿ, ಆದದ್ದನ್ನು ಹೇಳಿ: ಎಲ್ಲಿ, ಎಷ್ಟು ಗಂಟೆಗೆ ಶುರು, ಏರು ಹತ್ತುವಾಗ ಜಾಸ್ತಿಯಾಗುತ್ತದಾ, ಕೂತರೆ ಕಡಿಮೆಯಾಗುತ್ತದಾ, ದವಡೆಗೋ ಎಡಗೈಗೋ ಹರಿಯುತ್ತದಾ, ಬೆವರಿತಾ.

‘ತಲೆಸುತ್ತು’ ಇನ್ನೊಂದು. ಮನೆ ತಿರುಗಿದ ಹಾಗೆ ಆದರೆ ಒಳಕಿವಿಯ ಕಡೆ ನೋಡಬೇಕು. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಬಿಪಿ ಇಳಿದಿರಬಹುದು, ಎಷ್ಟೋ ಸಲ ಬಿಪಿ ಮಾತ್ರೆಯಿಂದಲೇ. ನಡೆಯುವಾಗ ಒಂದೇ ಕಡೆ ವಾಲಿದರೆ, ಮಾತು ತೊದಲಿದರೆ ಪಾರ್ಶ್ವವಾಯು ಇರಬಹುದು. ಮೂರಕ್ಕೂ ಒಂದೇ ಪದ, ಚಿಕಿತ್ಸೆ ಮಾತ್ರ ಮೂರು ದಿಕ್ಕಿನದು.

‘ಮದ್ದು’ ಕೊಡಗಿನಲ್ಲಿ ಡಾಕ್ಟರು ಕೊಡುವುದೂ ಹೌದು, ತೋಟಕ್ಕೆ ಹೊಡೆಯುವುದೂ ಹೌದು. ‘ಮದ್ದು ಕುಡಿದಿದ್ದಾರೆ, ವಾಂತಿ ಮಾಡ್ತಿದ್ದಾರೆ’ ಅಂತ 108ಕ್ಕೆ ಫೋನ್ ಬಂದರೆ ಯಾವ ಮದ್ದು ಅಂತ ಮೊದಲು ಕೇಳಬೇಕಾಗುತ್ತದೆ. ಕಳೆನಾಶಕವಾದ ಪ್ಯಾರಾಕ್ವಾಟ್‌ಗೆ ಪ್ರತಿವಿಷ ಇಲ್ಲ. ಆರ್ಗ್ಯಾನೋಫಾಸ್ಫೇಟ್ ಗುಂಪಿನ ಕೀಟನಾಶಕಕ್ಕೆ ಅಟ್ರೋಪಿನ್ ಇದೆ. ಹೀಗಿರುವಾಗ ‘ಏನೋ ಕುಡಿದ’ ಎನ್ನುವ ಮಾತಿಗಿಂತ ಆ ಡಬ್ಬಿಯ ಲೇಬಲ್ ದೊಡ್ಡದು. ಲೇಬಲ್ಲಿನ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ಇರುತ್ತದೆ, ಕೆಂಪು ಎಲ್ಲಕ್ಕಿಂತ ವಿಷದ್ದು. ಡಬ್ಬಿ ಮುಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತನ್ನಿ, ಇಲ್ಲವೇ ಲೇಬಲ್ಲಿನ ಫೋಟೋ ತೆಗೆಯಿರಿ. ಕುಡಿದದ್ದಲ್ಲ, ಪಂಪು ಬೆನ್ನಿಗೆ ಹಾಕಿ ಹೊಡೆಯುವಾಗ ಮೈಮೇಲೆ ಸುರಿದದ್ದು ಅಂತಾದರೂ ಹೇಳಬೇಕು. ಚರ್ಮದ ಮೂಲಕವೂ ವಿಷ ಇಳಿಯುತ್ತದೆ.

ಊಟದ ವಿಷಯಕ್ಕೆ ಬಂದರೆ ಗುಂಡಿ ಇನ್ನೂ ಆಳ. ‘ಸಕ್ಕರೆ ಬಿಟ್ಟಿದ್ದೀರಾ?’ ಅಂತ ಡಾಕ್ಟರು ಕೇಳುತ್ತಾರೆ. ‘ಪೂರ್ತಿ ಬಿಟ್ಟೆ’ ಅನ್ನುತ್ತಾರೆ ಅಜ್ಜಿ. ಸುಳ್ಳಲ್ಲ. ದಿನಕ್ಕೆ ನಾಲ್ಕು ಲೋಟ ಬೆಲ್ಲದ ಕಾಫಿ ನಡೆಯುತ್ತಲೇ ಇದೆ, ಬೆಲ್ಲ ಸಕ್ಕರೆಯಲ್ಲವಲ್ಲ! ರಕ್ತದ ಲೆಕ್ಕದಲ್ಲಿ ಎರಡೂ ಒಂದೇ. ಇನ್ನು ‘ಅನ್ನ ಕಡಿಮೆ ಮಾಡಿ’ ಅಂದರೆ ಅನ್ನ ಕಡಿಮೆಯಾಗುತ್ತದೆ, ಅಕ್ಕಿ ರೊಟ್ಟಿ ಹೆಚ್ಚಾಗುತ್ತದೆ. ಕಡಂಬುಟ್ಟು, ನೂಲ್‌ಪುಟ್ಟು, ಪಾಪುಟ್ಟು ಎಲ್ಲ ಅಕ್ಕಿಯೇ ಆದರೂ ತಟ್ಟೆಯಲ್ಲಿ ಅವು ಅನ್ನದ ಹಾಗೆ ಕಾಣುವುದಿಲ್ಲ. ಹೊರಜಿಲ್ಲೆಯಿಂದ ಬಂದ ಡಾಕ್ಟರಿಗೆ ಈ ಹೆಸರುಗಳೇ ಗೊತ್ತಿರುವುದಿಲ್ಲ. ‘ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿಂದಿರಿ, ಕುಡಿದಿರಿ?’ ಎಂಬ ಒಂದು ಪ್ರಶ್ನೆ ‘ಡಯಟ್ ಮಾಡ್ತಿದ್ದೀರಾ’ ಎಂಬ ಹತ್ತು ಪ್ರಶ್ನೆಗೆ ಸಮ.

ಇದೇ ಜಾಗದಲ್ಲಿ ‘ಪಥ್ಯ ಏನು ಡಾಕ್ಟ್ರೇ?’ ಅಂತ ರೋಗಿ ಕೇಳುತ್ತಾರೆ. ಎಷ್ಟೋ ಡಾಕ್ಟರು ನಕ್ಕು ‘ಏನೂ ಇಲ್ಲ, ಎಲ್ಲ ತಿನ್ನಿ’ ಅಂದುಬಿಡುತ್ತಾರೆ. ಇದು ಕೈಗೆ ಬಂದ ಅವಕಾಶವನ್ನು ಕೈಯಾರೆ ಬಿಟ್ಟ ಹಾಗೆ. ಪಥ್ಯವಿಲ್ಲದ ಮದ್ದು ಇಲ್ಲ ಅಂತ ನಂಬಿದ ಮನೆಯಲ್ಲಿ ಡಾಕ್ಟರು ಖಾಲಿ ಬಿಟ್ಟ ಜಾಗವನ್ನು ಪಕ್ಕದ ಮನೆಯವರು ತುಂಬುತ್ತಾರೆ: ಬಾಣಂತಿಗೆ ನೀರು ಕಡಿಮೆ, ಜ್ವರ ಬಂದ ಮಗುವಿಗೆ ಹಾಲಿಲ್ಲ, ಭೇದಿಯಾದವರಿಗೆ ಏನೂ ಇಲ್ಲ. ಅದರ ಬದಲು ‘ಪಥ್ಯ ಇದೆ: ಈ ಕಬ್ಬಿಣದ ಮಾತ್ರೆ ತಗೊಳ್ಳುವ ಮುಂಚೆ, ಆಮೇಲೆ ಒಂದೊಂದು ಗಂಟೆ ಕಾಫಿ ಟೀ ಮುಟ್ಟಬಾರದು, ನಿಂಬೆ ಪಾನಕ ಕುಡಿಯಬಹುದು’ ಅಂದರೆ ಅದು ನಾಲಿಗೆಯಲ್ಲೂ ಉಳಿಯುತ್ತದೆ, ಕೆಲಸವೂ ಮಾಡುತ್ತದೆ.

ಕಾಫಿ ನಾಡಿಗೆ ವಿಶೇಷವಾಗಿ ಹೇಳಬೇಕಾದ್ದು ಥೈರಾಯ್ಡ್ ಮಾತ್ರೆ. ‘ಖಾಲಿ ಹೊಟ್ಟೆಗೆ’ ಅಂತ ಚೀಟಿಯಲ್ಲಿರುತ್ತದೆ. ನಮ್ಮ ಕಡೆ ಖಾಲಿ ಹೊಟ್ಟೆ ಅಂದರೆ ತಿಂಡಿಗೆ ಮುಂಚೆ, ಕಾಫಿ ಲೆಕ್ಕಕ್ಕಿಲ್ಲ. ಥೈರಾಕ್ಸಿನ್ ಕಾಫಿಯ ಜೊತೆ ಹೋದರೆ ಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಥೈರಾಯ್ಡ್ ರಕ್ತಪರೀಕ್ಷೆಯ ಟಿಎಸ್‌ಎಚ್ ಅಂಕಿ ಇಳಿಯದೆ ಡೋಸು 50ರಿಂದ 75ಕ್ಕೆ, 75ರಿಂದ 100 ಮೈಕ್ರೋಗ್ರಾಂಗೆ ಏರುತ್ತ ಹೋಗುತ್ತದೆ. ನೀರಿನಲ್ಲಿ ನುಂಗಿ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಕಾದು ಆಮೇಲೆ ಕಾಫಿ. ಎದ್ದ ತಕ್ಷಣ ಮಾತ್ರೆ, ಒಲೆ ಹೊತ್ತಿಸಿ ಅಂಗಳದ ಕೆಲಸ ಮುಗಿಸಿ ಕಾಫಿ ಅಂತ ದಿನಚರಿಗೆ ಗಂಟು ಹಾಕಿ ಹೇಳಿದರೆ ಮರೆಯುವುದಿಲ್ಲ. ಸಕ್ಕರೆ ಪರೀಕ್ಷೆಗೆ ಬರುವಾಗಲೂ ಇದೇ ಕಥೆ: ಕರಿ ಕಾಫಿ ಕುಡಿದು ಬಂದು ‘ಏನೂ ತಿಂದಿಲ್ಲ’.

ಮೂತ್ರ ಕೆಂಪಾದ ಪ್ರಸಂಗವನ್ನೂ ಇಲ್ಲೇ ಹೇಳಿಬಿಡಬೇಕು. ಆಗಸ್ಟ್ 3ರ ಸುಮಾರಿಗೆ ಬರುವ ಕಕ್ಕಡ ಹದಿನೆಂಟರಂದು (ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ) ಮದ್ದುಸೊಪ್ಪಿನ ಪಾಯಸ ತಿಂದವರ ಮೂತ್ರ ಕೆಂಪಗಾಗುತ್ತದೆ. ಕೊಡಗಿನವರಿಗೆ ಇದು ತಮಾಷೆಯ ವಿಷಯ, ಹೊಸ ಡಾಕ್ಟರಿಗೆ ಗಾಬರಿಯ ವಿಷಯ. ಸೊಪ್ಪು ತಿಂದದ್ದು ಹೇಳದಿದ್ದರೆ ರಕ್ತ ಹೋಗುತ್ತಿದೆಯೆಂದು ಸ್ಕ್ಯಾನಿಂಗ್‌ವರೆಗೂ ಹೋಗಬಹುದು. ತಿರುಗಿಸಿ ನೋಡಿದರೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕೂಡ ಮೂತ್ರವನ್ನು ಕಿತ್ತಳೆ ಬಣ್ಣ ಮಾಡುತ್ತದೆ. ಅದನ್ನು ಮೊದಲೇ ಹೇಳದೆ ಕಳಿಸಿದರೆ ರೋಗಿ ಎರಡನೇ ದಿನವೇ ಹೆದರಿ ಮಾತ್ರೆ ನಿಲ್ಲಿಸುತ್ತಾರೆ. ಆರು ತಿಂಗಳ ಚಿಕಿತ್ಸೆ, ನಡುವೆ ಬಿಟ್ಟರೆ ರೋಗಾಣು ಮದ್ದಿಗೆ ಬಗ್ಗದ ಹಾಗಾಗುತ್ತದೆ; ತಡೆಯಲು ಬೇಕಿದ್ದದ್ದು ಒಂದು ವಾಕ್ಯ.

ನಡುವೆ ನಿಂತು ಭಾಷಾಂತರ ಮಾಡುವವರು

ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ತಮಿಳು, ಯರವ, ಕುರುಬ ನುಡಿಗಳು, ಈಗ ಅಸ್ಸಾಂ ಬಂಗಾಳದಿಂದ ತೋಟಕ್ಕೆ ಬಂದವರ ಭಾಷೆಗಳು. ಇಷ್ಟು ಸಣ್ಣ ಜಿಲ್ಲೆಯಲ್ಲಿ ಇಷ್ಟು ಭಾಷೆ ಒಂದೇ ಸಾಲಿನಲ್ಲಿ ನಿಲ್ಲುವುದು ಅಪರೂಪ. ಡಾಕ್ಟರಿಗೆ ಕನ್ನಡವಷ್ಟೇ ಬಂದರೆ ತೋಟದ ಕೆಲಸಗಾರರ ಲೈನ್‌ಮನೆಯಿಂದ ಬಂದವರ ಜೊತೆ ಮೇಸ್ತ್ರಿಯೋ ತೋಟದ ರೈಟರೋ ನಿಂತು ಮಾತು ದಾಟಿಸುತ್ತಾರೆ. ಸಹಾಯವೇನೋ ಹೌದು. ಆದರೆ ಸಂಬಳ ಬರೆಯುವವರ ಎದುರು ಯಾವ ಹೆಂಗಸು ಮುಟ್ಟು ನಿಂತದ್ದನ್ನು, ಗರ್ಭ ಇಳಿದದ್ದನ್ನು ಹೇಳುತ್ತಾಳೆ? ಯಾವ ಗಂಡಸು ದಿನಕ್ಕೆ ಎಷ್ಟು ಕುಡಿಯುತ್ತೇನೆ ಅನ್ನುತ್ತಾನೆ? ಮಕ್ಕಳನ್ನು ನಿಲ್ಲಿಸಿದರೂ ಇದೇ ತೊಂದರೆ, ಜೊತೆಗೆ ಹತ್ತು ವರ್ಷದ ಹುಡುಗನಿಗೆ ‘ಬಿಳಿ ಸೆರಗು’ ಅಂದರೆ ಏನೆಂದು ಗೊತ್ತಿರುವುದಿಲ್ಲ. ಆಸ್ಪತ್ರೆಯ ಸಿಬ್ಬಂದಿಯಲ್ಲೇ ಭಾಷೆ ಬಲ್ಲವರು, ಆಶಾ ಕಾರ್ಯಕರ್ತೆ, ಇಲ್ಲವೇ ಫೋನಿನ ಸ್ಪೀಕರ್ ಹಾಕಿ ರೋಗಿ ತಾನೇ ಆರಿಸಿದ ಒಬ್ಬರು ಮೇಲು.

ದುಭಾಷಿ ಇದ್ದಾಗ ಡಾಕ್ಟರು ನೋಡಬೇಕಾದ್ದು ರೋಗಿಯ ಮುಖ, ದುಭಾಷಿಯದ್ದಲ್ಲ. ಒಂದು ಸಲಕ್ಕೆ ಒಂದೇ ವಾಕ್ಯ. ರೋಗಿ ಎರಡು ನಿಮಿಷ ಮಾತಾಡಿದ್ದನ್ನು ದುಭಾಷಿ ‘ಸುಸ್ತಂತೆ’ ಅಂತ ಒಂದೇ ಪದದಲ್ಲಿ ಮುಗಿಸಿದರೆ ಅಲ್ಲೇ ನಿಲ್ಲಿಸಿ ‘ಪೂರ್ತಿ ಏನಂದರು?’ ಅಂತ ಕೇಳಬೇಕು. ಮಳೆಗಾಲದ ಜ್ವರದಲ್ಲಿ ಆ ಬಿಟ್ಟುಹೋದ ಮಾತಿನಲ್ಲೇ ಸುಳಿವು ಇರುತ್ತದೆ: ಬರಿಗಾಲಲ್ಲಿ ಗದ್ದೆಗೆ ಇಳಿದದ್ದು, ಕಾಲಿನ ಮೀನಖಂಡ ಹಿಡಿದುಕೊಂಡದ್ದು, ಕಣ್ಣು ಕೆಂಪಾದದ್ದು, ಮೂತ್ರ ಕಡಿಮೆಯಾದದ್ದು. ಇಷ್ಟನ್ನು ಕೇಳಿದವರು ಇಲಿಜ್ವರವನ್ನು ನೆನೆಯುತ್ತಾರೆ; ‘ಸುಸ್ತು, ಜ್ವರ’ ಅಂತಷ್ಟೇ ಕೇಳಿದವರು ಪ್ಯಾರಾಸಿಟಮಾಲ್ ಕೊಟ್ಟು ಕಳಿಸುತ್ತಾರೆ.

ಕುಡಿತದ ಪ್ರಶ್ನೆಗೆ ಇನ್ನೊಂದು ಮಾತು. ಹಬ್ಬ, ಮದುವೆ, ಸಾವು ಎಲ್ಲದರಲ್ಲೂ ಮದ್ಯ ಸಹಜವಾಗಿರುವ ಮನೆಗಳಲ್ಲಿ ‘ಕುಡಿತೀರಾ?’ ಎಂಬ ಪ್ರಶ್ನೆ ‘ಕುಡುಕರಾ?’ ಅಂದ ಹಾಗೆ ಕೇಳಿಸುತ್ತದೆ, ಉತ್ತರ ‘ಇಲ್ಲ’. ‘ಸಾಯಂಕಾಲ ಎಷ್ಟಾಗುತ್ತೆ, ಒಂದು ಕ್ವಾರ್ಟರ್, ಎರಡು?’ ಅಂತ ಸಾಮಾನ್ಯವಾಗಿ ಕೇಳಿದರೆ ಲೆಕ್ಕ ಹೊರಬರುತ್ತದೆ. ಕ್ವಾರ್ಟರ್ ಅಂದರೆ 180 ಮಿ.ಲೀ. ಇದು ನೀತಿಪಾಠಕ್ಕಲ್ಲ. ದಿನಾ ಕುಡಿಯುವವರು ಕಾಲು ಮುರಿದು ಆಸ್ಪತ್ರೆ ಸೇರಿ ದಿಢೀರನೆ ನಿಲ್ಲಿಸಿದರೆ 6ರಿಂದ 24 ಗಂಟೆಯಲ್ಲಿ ಕೈನಡುಕ, ಬೆವರು ಶುರುವಾಗಿ, ಎರಡು ಮೂರನೇ ದಿನಕ್ಕೆ ಫಿಟ್ಸ್, ಭ್ರಮೆ, ಕೂಗಾಟದವರೆಗೆ ಹೋಗಬಹುದು. ಮೊದಲೇ ಗೊತ್ತಿದ್ದರೆ ತಡೆಯುವ ಔಷಧಿ ಇದೆ.

ಚೀಟಿ ಓದುವ ಕಷ್ಟ

ಡಾಕ್ಟರ ಚೀಟಿಯ ಸಂಕ್ಷೇಪಗಳನ್ನು ಕನ್ನಡದಲ್ಲಿ ಓದಿದರೆ ನಗು ಬರುತ್ತದೆ: ಓಡಿ, ಬಿಡಿ. ದಿನಕ್ಕೆ ಒಂದು ಸಲಕ್ಕೆ ‘ಓಡಿ’, ಎರಡು ಸಲಕ್ಕೆ ‘ಬಿಡಿ’. ‘ಆ ಮಾತ್ರೆ ಬಿಡಿ’ ಅಂತ ಕೌಂಟರಿನಲ್ಲಿ ಯಾರೋ ಹೇಳಿದರೆ ದಿನಕ್ಕೆರಡು ಅಂತಲೋ, ತಿನ್ನಲೇಬೇಡಿ ಅಂತಲೋ? ‘ಟಿಡಿಎಸ್’ ಮೂರು ಸಲ, ‘ಎಚ್‌ಎಸ್’ ಮಲಗುವಾಗ, ‘ಎಸ್‌ಒಎಸ್’ ಬೇಕೆನಿಸಿದಾಗ ಮಾತ್ರ. 1-0-1 ಅಂತ ಬರೆದರೆ ವಾಸಿ, ಬೆಳಿಗ್ಗೆ ಮಧ್ಯಾಹ್ನ ರಾತ್ರಿಯ ಕ್ರಮ ಅದು. ಎಲ್ಲಕ್ಕಿಂತ ವಾಸಿ, ಸ್ಟ್ರಿಪ್ಪಿನ ಮೇಲೆಯೇ ಮಾರ್ಕರ್‌ನಲ್ಲಿ ಸೂರ್ಯ, ಚಂದ್ರ ಬರೆದುಕೊಡುವುದು. ಓದು ಬಾರದವರಿಗೆ ಮಾತ್ರವಲ್ಲ, ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರಿಗೂ ಅದು ಅರ್ಥವಾಗುತ್ತದೆ.

ಮಕ್ಕಳ ಸಿರಪ್ಪಿನಲ್ಲಿ ತಪ್ಪು ಹೇಗಾಗುತ್ತದೆ ನೋಡಿ. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಪ್ರತಿ ಕಿಲೋ ತೂಕಕ್ಕೆ 15 ಮಿ.ಗ್ರಾಂ ಲೆಕ್ಕ. 10 ಕಿಲೋ ಮಗುವಿಗೆ 150 ಮಿ.ಗ್ರಾಂ. ಅಂಗಡಿಯಲ್ಲಿ ಸಿರಪ್ 5 ಮಿ.ಲೀ.ಗೆ 125 ಮಿ.ಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಹನಿ ಹಾಕುವ ಡ್ರಾಪ್ಸ್ 1 ಮಿ.ಲೀ.ಗೇ 100. ಅದೇ ಮಗುವಿಗೆ ಮೊದಲನೆಯದರಲ್ಲಿ 6 ಮಿ.ಲೀ., ಎರಡನೆಯದರಲ್ಲಿ 3, ಮೂರನೆಯದರಲ್ಲಿ ಒಂದೂವರೆ. ‘ಒಂದು ಚಮಚ ಕೊಡಿ’ ಎಂಬ ಮಾತಿಗೆ ಇಲ್ಲಿ ಅರ್ಥವೇ ಇಲ್ಲ. ಬಾಟಲಿ ಬದಲಾದಾಗಲೆಲ್ಲ ಎಷ್ಟು ಮಿ.ಲೀ. ಎಂದು ಮತ್ತೆ ಕೇಳಬೇಕು. ಅಳೆಯಲು ಬಾಟಲಿಯ ಜೊತೆ ಬಂದ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜ್ ಸಾಕು, ಅಡುಗೆಮನೆಯ ಚಮಚ ಬೇಡ.

ಇನ್ಸುಲಿನ್‌ನಲ್ಲಿ ಎಡವಿದರೆ ಇನ್ನೂ ಕೆಟ್ಟದ್ದು. ನಮ್ಮ ದೇಶದಲ್ಲಿ 1 ಮಿ.ಲೀ.ಗೆ 40 ಯೂನಿಟ್ಟಿನ ಬಾಟಲಿಯೂ ಇದೆ, 100 ಯೂನಿಟ್ಟಿನದೂ ಇದೆ. 40ರದಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ರದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ನಡುರಾತ್ರಿ ಸಕ್ಕರೆ ಕುಸಿದು ಎಚ್ಚರ ತಪ್ಪುವುದಕ್ಕೆ ಅಷ್ಟು ಸಾಕು. ತಿರುಗುಮುರುಗಾದರೆ 10ರ ಬದಲು 4. ಮೆಡಿಕಲ್ ಶಾಪಿನಲ್ಲಿ ಬಾಟಲಿ, ಸಿರಿಂಜ್ ಎರಡನ್ನೂ ಪಕ್ಕಪಕ್ಕ ಹಿಡಿದು ಎರಡರ ಮೇಲಿನ ಸಂಖ್ಯೆ ಒಂದೇನಾ ಅಂತ ನೋಡದೆ ಹೊರಗೆ ಕಾಲಿಡಬಾರದು.

ಒಂದೇ ಔಷಧಿ ಎರಡು ಹೆಸರಿನಲ್ಲಿ ಮನೆ ಸೇರುವುದು ಮತ್ತೊಂದು. ಮಡಿಕೇರಿಯಲ್ಲಿ ಒಂದು ಕಂಪನಿಯ ಬಿಪಿ ಮಾತ್ರೆ ಟೆಲ್ಮಿಸಾರ್ಟನ್, ಮೈಸೂರಿನಲ್ಲಿ ಇನ್ನೊಂದು ಕಂಪನಿಯದು, ಜನೌಷಧಿಯಲ್ಲಿ ಮೂರನೆಯದು. ಬಣ್ಣ ಬೇರೆ, ದೊಡ್ಡ ಅಕ್ಷರದ ಹೆಸರು ಬೇರೆ, ಒಳಗಿನದು ಅದೇ. ಹಳೆಯದನ್ನೂ ಹೊಸದನ್ನೂ ಸೇರಿಸಿ ನುಂಗಿದರೆ ಬಿಪಿ ಅತಿಯಾಗಿ ಇಳಿದು ಬಚ್ಚಲಲ್ಲಿ ಬೀಳುತ್ತಾರೆ. ಡಾಕ್ಟರ ಹತ್ತಿರ ಹೋಗುವಾಗ ‘ಒಂದು ಬಿಳಿ, ಒಂದು ಗುಲಾಬಿ’ ಅನ್ನುವುದಕ್ಕಿಂತ ಮನೆಯಲ್ಲಿರುವ ಎಲ್ಲ ಮಾತ್ರೆಯನ್ನು, ನಾಟಿ ಮದ್ದು, ನೋವಿನ ಮಾತ್ರೆ ಸಮೇತ, ಒಂದು ಚೀಲದಲ್ಲಿ ಹಾಕಿ ಮೇಜಿನ ಮೇಲೆ ಸುರಿಯುವುದು ಸರಿ. ಸ್ಟ್ರಿಪ್ಪಿನಿಂದ ಮಾತ್ರೆ ತೆಗೆಯುವಾಗ ಹೆಸರಿರುವ ತುದಿಯನ್ನು ಕೊನೆಗೆ ಉಳಿಸಿ.

‘ನಾರ್ಮಲ್ ಇದೆ’ ಎಂಬ ಸಿಹಿಸುದ್ದಿ

ಬಿಪಿ 130/80 ಬಂತು, ಡಾಕ್ಟರು ‘ನಾರ್ಮಲ್ ಇದೆ’ ಅಂದರು. ರೋಗಿ ಮನೆಗೆ ಹೋಗಿ ಮಾತ್ರೆ ನಿಲ್ಲಿಸಿದರು. ನಾರ್ಮಲ್ ಆದ ಮೇಲೆ ಮದ್ದೇಕೆ? ತರ್ಕದಲ್ಲಿ ತಪ್ಪಿಲ್ಲ, ಜ್ವರಕ್ಕೆ ನಾವು ಮಾಡುವುದೂ ಅದೇ ತಾನೇ. ‘ಮಾತ್ರೆ ತಿನ್ನುತ್ತಿರುವುದರಿಂದ ಹತೋಟಿಯಲ್ಲಿದೆ, ನಿಲ್ಲಿಸಿದರೆ ಏರುತ್ತದೆ’ ಅನ್ನುವುದು ಪೂರ್ತಿ ವಾಕ್ಯ. ‘ಪಾಸಿಟಿವ್’ ಕೂಡ ಹಾಗೆಯೇ. ಮಾತಿನಲ್ಲಿ ಒಳ್ಳೆಯದು, ಲ್ಯಾಬಿನಲ್ಲಿ ಬಹುಪಾಲು ಕೆಟ್ಟದ್ದು. ಕಫದ ಪರೀಕ್ಷೆ ಪಾಸಿಟಿವ್ ಅಂದಾಗ ‘ಕ್ಷಯದ ರೋಗಾಣು ಸಿಕ್ಕಿದೆ’ ಅಂತ ಜೊತೆಗೇ ಹೇಳಬೇಕು.

ಅಡ್ಡಪರಿಣಾಮ ಹೇಳಿದರೆ ರೋಗಿ ಹೆದರಿ ಮಾತ್ರೆಯನ್ನೇ ಮುಟ್ಟುವುದಿಲ್ಲ ಅಂತ ಕೆಲವು ಡಾಕ್ಟರು ಸುಮ್ಮನಿರುತ್ತಾರೆ. ನಡೆಯುವುದು ಉಲ್ಟಾ. ಬಿಪಿಯ ಆಮ್ಲೋಡಿಪಿನ್ ತಿಂದವರಲ್ಲಿ ಕೆಲವರಿಗೆ ಪಾದ ಊದುತ್ತದೆ, ಬಿಪಿಯದೇ ಎನಾಲಾಪ್ರಿಲ್ ರಾಮಿಪ್ರಿಲ್‌ನಲ್ಲಿ ಕೆಲವರಿಗೆ ಒಣಕೆಮ್ಮು ಬರುತ್ತದೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಶುರುವಿನಲ್ಲಿ ಹೊಟ್ಟೆ ಸಡಿಲ ಮಾಡುತ್ತದೆ. ಹೇಳದೆ ಬಂದ ಊತ ‘ಕಿಡ್ನಿ ಹೋಯಿತು’ ಅನಿಸುತ್ತದೆ. ಹೇಳಿ ಬಂದ ಊತ ‘ಡಾಕ್ಟರು ಹೇಳಿದ್ದರು, ಹೋಗಿ ಬದಲಾಯಿಸಿಕೊಂಡು ಬರೋಣ’ ಅನಿಸುತ್ತದೆ. ಅಪಾಯದ ಪ್ರಮಾಣ ಹೇಳುವಾಗ ‘ಚಾನ್ಸ್ ಕಡಿಮೆ’ ಅಂತ ತೇಲಿಸುವುದು ಬೇಡ. ‘ಇಂಥ ಆಪರೇಷನ್ ಆದ 100 ಜನರಲ್ಲಿ ಇಬ್ಬರಿಗೆ ಹೀಗಾಗುತ್ತದೆ, 98 ಜನಕ್ಕೆ ಆಗುವುದಿಲ್ಲ’ ಅಂತ ಎರಡೂ ಕಡೆ ಹೇಳಿದರೆ ಮನೆಯವರೂ ಲೆಕ್ಕ ಹಾಕಬಲ್ಲರು.

ತಿರುಗಿ ಹೇಳಿಸುವುದು

‘ಆಯ್ತು’ವಿನ ಸಮಸ್ಯೆಗೆ ಇರುವ ಮದ್ದು ಸರಳ: ‘ಗೊತ್ತಾಯ್ತಾ?’ ಅಂತ ಕೇಳದಿರುವುದು. ಬದಲಿಗೆ, ‘ಅಮ್ಮ, ನಾನು ಸರಿಯಾಗಿ ಹೇಳಿದೆನಾ ಅಂತ ನೋಡಬೇಕು. ಮನೆಗೆ ಹೋದ ಮೇಲೆ ಮಗಳು ಕೇಳ್ತಾಳೆ ಅಂತ ಇಟ್ಕೊಳ್ಳಿ, ಈ ಮಾತ್ರೆ ಹೇಗೆ ತಗೋಬೇಕು ಅಂತ ಅವಳಿಗೆ ಏನು ಹೇಳ್ತೀರಿ?’ ಪರೀಕ್ಷೆ ಡಾಕ್ಟರದ್ದು, ರೋಗಿಯದ್ದಲ್ಲ. ಆ ಧಾಟಿ ಮುಖ್ಯ. ಶಾಲೆಯ ಮೇಷ್ಟ್ರ ದನಿಯಲ್ಲಿ ‘ಹೇಳಿ ನೋಡೋಣ’ ಅಂದರೆ ಬಾಯಿ ಕಟ್ಟಿಹೋಗುತ್ತದೆ. ತಪ್ಪು ಬಂದರೆ ಅದೇ ವಾಕ್ಯವನ್ನು ಜೋರಾಗಿ ಹೇಳುವುದಲ್ಲ, ಬೇರೆ ಮಾತಿನಲ್ಲಿ ಹೇಳಿ ಮತ್ತೆ ಕೇಳುವುದು. ಇನ್‌ಹೇಲರ್, ಇನ್ಸುಲಿನ್ ಪೆನ್ ಆದರೆ ಬಾಯಿಮಾತು ಸಾಲದು, ಅಲ್ಲೇ ಮಾಡಿ ತೋರಿಸಬೇಕು. ಇನ್‌ಹೇಲರ್ ಎಳೆದ ಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿಯುವುದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಮದ್ದು ಶ್ವಾಸಕೋಶದಲ್ಲಿ ನಿಲ್ಲದೆ ಉಸಿರಿನ ಜೊತೆ ಹೊರಗೆ ಹೋಗುತ್ತದೆ.

ಒಂದು ಸಲಕ್ಕೆ ಮೂರು ವಿಷಯಕ್ಕಿಂತ ಹೆಚ್ಚು ಹೇಳಬಾರದು. ಡಾಕ್ಟರ ಕೋಣೆಯಲ್ಲಿ ಕೇಳಿದ್ದರಲ್ಲಿ ಶೇ. 40ರಿಂದ 80ರಷ್ಟು ಆಗಲೇ ಮರೆತುಹೋಗುತ್ತದೆ ಎಂಬುದು ಅಧ್ಯಯನಗಳಲ್ಲಿ ಬಂದ ಲೆಕ್ಕ. ಭಯವಿದ್ದಾಗ ಇನ್ನೂ ಹೆಚ್ಚು. ‘ಗಡ್ಡೆ’ ಎಂಬ ಪದ ಕಿವಿಗೆ ಬಿದ್ದ ಮೇಲೆ ಹೇಳಿದ ಯಾವುದೂ ಒಳಗೆ ಇಳಿಯುವುದಿಲ್ಲ. ಅಂಥ ಸುದ್ದಿ ಹೇಳಿದ ಮೇಲೆ ಸುಮ್ಮನೆ ಕೂರಬೇಕು, ಮುಂದಿನದಕ್ಕೆ ಮಾರನೇ ದಿನ ಕರೆಯಬೇಕು. ‘ಅಜ್ಜನಿಗೆ ಹೇಳಬೇಡಿ’ ಅಂತ ಒಕ್ಕದವರೆಲ್ಲ (ಮನೆತನದವರೆಲ್ಲ) ಬಂದು ನಿಂತಾಗ ಮಾಡಬಹುದಾದ್ದೊಂದಿದೆ: ಅಜ್ಜನನ್ನೇ ‘ನಿಮ್ಮ ಕಾಯಿಲೆ ವಿಷಯ ನಿಮಗೆ ಎಷ್ಟು ಹೇಳಬೇಕು, ಯಾರಿಗೆ ಹೇಳಬೇಕು?’ ಅಂತ ಕೇಳುವುದು. ಹೆಚ್ಚಿನವರು ಅಷ್ಟರಲ್ಲೇ ಊಹಿಸಿರುತ್ತಾರೆ. ಮನೆಯವರ ಕಡೆಯಿಂದಲೂ ಡಾಕ್ಟರ ಹತ್ತಿರ ಮಾತಾಡಲು ಒಬ್ಬರೇ ಇರಲಿ. ಬೆಳಿಗ್ಗೆ ತಮ್ಮ, ಮಧ್ಯಾಹ್ನ ಭಾವ, ರಾತ್ರಿ ಬೆಂಗಳೂರಿನಿಂದ ಫೋನಿನಲ್ಲಿ ಮಗ ಬಂದರೆ, ಒಂದೇ ಮಾತು ಮೂರು ರೂಪ ತಾಳಿ ಜಗಳಕ್ಕೆ ನಿಲ್ಲುತ್ತದೆ.

ಸಹಿ, ದಾಖಲೆ, ಮತ್ತು ಘಟ್ಟದ ದಾರಿ

ಆಪರೇಷನ್‌ಗೆ ಮುಂಚಿನ ಸಹಿ ಬರೀ ಕಾಗದದ ಕೆಲಸವಲ್ಲ. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದ ಮಹಿಳೆಯ ಗರ್ಭಕೋಶವನ್ನು ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಸಲ್ಲದು, ಪ್ರಾಣಾಪಾಯವಿಲ್ಲದಾಗ ಪ್ರಾಯಕ್ಕೆ ಬಂದ ರೋಗಿಯ ಪರವಾಗಿ ಬೇರೆಯವರು ಒಪ್ಪುವಂತಿಲ್ಲ ಎಂದಿತು ನ್ಯಾಯಾಲಯ. ಸಹಿ ಹಾಕುವ ಮುಂಚೆ ನಾಲ್ಕು ಉತ್ತರ ಸಿಗಬೇಕು: ಏನು ಮಾಡುತ್ತೀರಿ, ಏಕೆ, ಏನು ಕೆಡಬಹುದು, ಮಾಡಿಸದಿದ್ದರೆ ಅಥವಾ ಬೇರೆ ದಾರಿ ಹಿಡಿದರೆ ಏನು. ಚಿಕಿತ್ಸೆಯ ದಾಖಲೆ ಕೇಳುವುದಕ್ಕೂ ಹಿಂಜರಿಕೆ ಬೇಡ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ಕೇಳಿದ 72 ಗಂಟೆಯೊಳಗೆ ಕೊಡಬೇಕು.

ಮೈಸೂರಿಗೋ ಮಂಗಳೂರಿಗೋ ಕಳಿಸುವಾಗ ಈ ಕಾಗದವೇ ರೋಗಿಯ ಬಾಯಿ. ಪಾರ್ಶ್ವವಾಯು ಅಂತಾದರೆ ಅದರಲ್ಲಿ ಇರಲೇಬೇಕಾದ ಒಂದು ಸಂಖ್ಯೆ, ರೋಗಿ ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದು. ಹೆಪ್ಪು ಕರಗಿಸುವ ಔಷಧಿಗೆ ಅಲ್ಲಿಂದ ನಾಲ್ಕೂವರೆ ಗಂಟೆ ಲೆಕ್ಕ. ‘ಬೆಳಿಗ್ಗೆ ಆರಕ್ಕೆ ಬಿದ್ದಿದ್ದರು’ ಅಂದರೆ ಸಾಲದು, ಆರಕ್ಕೆ ನೋಡಿದ್ದಷ್ಟೇ. ರಾತ್ರಿ ಹತ್ತಕ್ಕೆ ಮಾತಾಡಿ ಮಲಗಿದ್ದರೆ ಗಡಿಯಾರ ಹತ್ತರಿಂದ ಓಡುತ್ತಿದೆ. ಹಾವು ಕಚ್ಚಿದ್ದಾದರೆ ಕಚ್ಚಿದ ಸಮಯ, ಕೊಟ್ಟ ವಿಷನಿರೋಧಕದ ವೈಲ್ ಎಷ್ಟು, ಊತದ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಗಂಟೆ. ನಮ್ಮಲ್ಲಿ ಸಿಗುವ ವಿಷನಿರೋಧಕ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಕಾಫಿ ಗಿಡದ ರೆಂಬೆಯಲ್ಲಿ ಕೂತಿರುವ ಮಲಬಾರ್ ಪಿಟ್ ವೈಪರ್ ಅದರಲ್ಲಿ ಇಲ್ಲ. ಕಚ್ಚಿದ್ದು ‘ಕುಯ್ಯುವಾಗ ಗಿಡದ ಮೇಲೆ’ ಎಂಬ ಮೂರು ಪದ ಡಾಕ್ಟರ ಯೋಚನೆಯನ್ನು ಬದಲಿಸಬಹುದು. ಹಾವನ್ನು ಕೊಂದು ತರುವ ಶ್ರಮ ಬೇಡ, ದೂರದಿಂದ ಫೋಟೋ ಸಿಕ್ಕಿದರೆ ಸಾಕು. ಮೊದಲು ನಾಟಿ ಮದ್ದು ಹಚ್ಚಿದ್ದರೆ, ಕಟ್ಟು ಕಟ್ಟಿದ್ದರೆ, ಬೈಸಿಕೊಂಡರೂ ಪರವಾಗಿಲ್ಲ, ಹೇಳಿಬಿಡಬೇಕು. ಹಾಗೆ ಹೇಳಿದವರನ್ನು ಬೈಯುವ ಡಾಕ್ಟರು ಮುಂದಿನ ಹತ್ತು ಜನ ಮುಚ್ಚಿಡುವ ಹಾಗೆ ಮಾಡುತ್ತಾರೆ.

ಕೊನೆಯದು ‘ಮಾತ್ರೆ ಮುಗಿದ ಮೇಲೆ ಬನ್ನಿ’. ಮುಗಿದ ದಿನವೇ ಬರಬೇಕೋ, ಮುಗಿಯಿತು ಇನ್ನು ಬೇಡವೋ, ಮುಗಿದ ಮೇಲೆ ಯಾವಾಗಲಾದರೂ ಬಂದರಾಯಿತೋ? ಜುಲೈ ತಿಂಗಳಲ್ಲಿ ಭಾಗಮಂಡಲದ ರಸ್ತೆಗೆ ನೀರು ಬಂದಿರುತ್ತದೆ, ಬಸ್ಸಿರುವುದಿಲ್ಲ, ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗಿರುತ್ತವೆ. ಬಿಪಿ, ಸಕ್ಕರೆ, ಫಿಟ್ಸ್ ಮಾತ್ರೆ ತಿನ್ನುವವರು ಜೂನ್ ಶುರುವಾಗುವ ಮುಂಚೆಯೇ ಹದಿನೈದು ದಿನದ್ದು ಹೆಚ್ಚಿಗೆ ಬರೆಸಿಕೊಳ್ಳಬೇಕು. ಚೀಟಿಯ ಕೆಳಗೆ ಮೂರು ಸಾಲು ಬರೆಸಿಕೊಳ್ಳಿ: ಬರಬೇಕಾದ ತಾರೀಕು, ಆ ದಿನ ಬರಲಾಗದಿದ್ದರೆ ಯಾವ ಮಾತ್ರೆ ಮುಂದುವರಿಸಿ ಯಾವುದನ್ನು ನಿಲ್ಲಿಸಬೇಕು, ಏನಾದರೆ ಮಳೆಯೇ ಇರಲಿ ರಾತ್ರಿಯೇ ಇರಲಿ ಜೀಪು ಮಾಡಿಕೊಂಡು ಹೊರಡಬೇಕು.